ಟ್ರಂಕಿನಲ್ಲಿರುವ ರುಪೇ ಕಾರ್ಡ್‌ಗೂ ಇದೆ ಅಪಘಾತ ವಿಮೆ: 90 ದಿನದ ನಿಯಮ ಗೊತ್ತಿರಲಿ

ಕಲಬುರಗಿ: ಶಹಾಬಾದ್‌ನ ಕಲ್ಲು ಗಣಿ, ವಾಡಿ-ಸೇಡಂನ ಸಿಮೆಂಟ್ ಕಾರ್ಖಾನೆ, ಚಿತ್ತಾಪುರ-ಚಿಂಚೋಳಿಯ ತೊಗರಿ ಹೊಲ. ಇಲ್ಲೆಲ್ಲ ದುಡಿಯುವ ಅನೇಕರಿಗೆ ಜನಧನ್ ಖಾತೆ ಇದೆ. ಖಾತೆ ಜೊತೆ ಬಂದ ರುಪೇ ಕಾರ್ಡ್ ಮಾತ್ರ ಎಷ್ಟೋ ಮನೆಗಳಲ್ಲಿ ಟ್ರಂಕ್ ಸೇರಿದೆ. 'ಹೆಬ್ಬಟ್ಟು ಒತ್ತಿದ್ರ ರೊಕ್ಕ ಬರ್ತದ, ಕಾರ್ಡ್ ಯಾಕ ಬೇಕು?' ಅನ್ನುವವರೇ ಹೆಚ್ಚು. ಆದರೆ ಆ ಕಾರ್ಡ್‌ಗೆ ಅಪಘಾತ ವಿಮೆ ಇದೆ. ಅದಕ್ಕೆ ಕಂತು ಕಟ್ಟಬೇಕಿಲ್ಲ.

ಖಾತೆ, ಕಾರ್ಡ್ ಏನು ವ್ಯತ್ಯಾಸ?
ರೊಕ್ಕ ಇರುವುದು ಖಾತೆಯಲ್ಲಿ. ಡೆಬಿಟ್ ಕಾರ್ಡ್ ಅದರ ಕೀಲಿಕೈ ಅಷ್ಟೇ. ಕಾರ್ಡ್ ಬಳಸಿದ ಕೂಡಲೇ ಖಾತೆಯಿಂದ ಹಣ ಕಡಿತವಾಗುತ್ತದೆ, ಇದು ಸಾಲವಲ್ಲ. ಕಾರ್ಡ್ ಕಳೆದರೂ ಖಾತೆ ಹಾಗೇ ಇರುತ್ತದೆ. ಆದರೆ ತಕ್ಷಣ ಬ್ಯಾಂಕಿಗೆ ತಿಳಿಸಿ ಬ್ಲಾಕ್ ಮಾಡಿಸಬೇಕು.

ವಿಮೆ ಎಷ್ಟು?
2018ರ ಆಗಸ್ಟ್ 28ರ ನಂತರ ತೆರೆದ ಜನಧನ್ ಖಾತೆಯ ಕಾರ್ಡ್‌ಗೆ 2 ಲಕ್ಷ ರೂ., ಅದಕ್ಕೂ ಮೊದಲಿನ ಖಾತೆಗೆ 1 ಲಕ್ಷ ರೂ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಮಾತ್ರ ಇದು ಅನ್ವಯ. ಸಹಜ ಸಾವಿಗೆ ಸಿಗುವುದಿಲ್ಲ.

ಷರತ್ತು ಏನು?
ಅಪಘಾತಕ್ಕೆ ಹಿಂದಿನ 90 ದಿನಗಳೊಳಗೆ ಕನಿಷ್ಠ ಒಂದು ಸಲ ಕಾರ್ಡ್ ಬಳಸಿರಬೇಕು. ದೊಡ್ಡ ಮೊತ್ತವೇ ತೆಗೆಯಬೇಕೆಂದಿಲ್ಲ, ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದರೂ ಸಾಕು. ಸಂತೆಗೋ ಆಸ್ಪತ್ರೆಗೋ ಪಟ್ಟಣಕ್ಕೆ ಬಂದಾಗ ಎರಡು ತಿಂಗಳಿಗೊಮ್ಮೆ ಈ ಕೆಲಸ ಮುಗಿಸಿಕೊಳ್ಳಬಹುದು. ಹೋಗುವ ಮುನ್ನ ಕಾರ್ಡ್ ಮೇಲಿನ ಅವಧಿ ಮುಗಿದಿದೆಯೇ ನೋಡಿ. ಮುಗಿದಿದ್ದರೆ ಶಾಖೆಯಲ್ಲಿ ಹೊಸ ಕಾರ್ಡ್‌ಗೆ ಅರ್ಜಿ ಕೊಡಿ.

ಮನೆಯವರು ಏನು ಮಾಡಬೇಕು?
ಖಾತೆಗೆ ನಾಮಿನಿ ಹೆಸರು ಸೇರಿದೆಯೇ ಎಂದು ಈಗಲೇ ಕೇಳಿ ತಿಳಿದುಕೊಳ್ಳಿ. ಕಾರ್ಡ್ ಇರುವ ವಿಷಯ ಮನೆಯವರಿಗೂ ಗೊತ್ತಿರಲಿ, ಗೊತ್ತಿಲ್ಲದಿದ್ದರೆ ಕೇಳುವವರೇ ಇರುವುದಿಲ್ಲ. ಅಪಘಾತವಾದರೆ ತಡಮಾಡದೆ ಖಾತೆ ಇರುವ ಶಾಖೆಗೆ ತಿಳಿಸಬೇಕು. ಸಾವಾದಲ್ಲಿ ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ಮರಣ ಪ್ರಮಾಣಪತ್ರ, ಆಧಾರ್ ಪ್ರತಿ ಬೇಕಾಗುತ್ತವೆ.

ಎಟಿಎಂನಲ್ಲಿ ರೊಕ್ಕ ಬರದೆ ಖಾತೆಯಲ್ಲಿ ಕಡಿತವಾದರೆ?
ಗಾಬರಿ ಬೇಡ. ರಿಸರ್ವ್ ಬ್ಯಾಂಕ್ ನಿಯಮದಂತೆ 5 ದಿನದೊಳಗೆ ಹಣ ಮರಳಿ ಜಮಾ ಆಗಬೇಕು. ತಪ್ಪಿದರೆ ಬ್ಯಾಂಕ್ ದಿನಕ್ಕೆ 100 ರೂ. ಪರಿಹಾರ ಕೊಡಬೇಕು. ಎಟಿಎಂ ಚೀಟಿ ಅಥವಾ ಮೊಬೈಲ್ ಮೆಸೇಜ್ ಜೋಪಾನವಾಗಿಟ್ಟುಕೊಳ್ಳಿ.

ಪಿನ್, ಒಟಿಪಿ ಯಾರು ಕೇಳಿದರೂ ಹೇಳಬೇಡಿ. ಪಿನ್ ಅನ್ನು ಕಾರ್ಡ್ ಹಿಂದೆ ಬರೆದಿಡಬೇಡಿ. ಮೋಸ ಹೋದರೆ ಕೂಡಲೇ ಬ್ಯಾಂಕಿಗೆ ಹಾಗೂ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.