ಗಣಕಯಂತ್ರದಲ್ಲಿ ಕಾರ್ಯಪಟ್ಟಿ: ಸರಳ, ಹಗುರ ತಂತ್ರಾಂಶದ ಆಯ್ಕೆ

ಕುಣಿಗಲ್ ಪೇಟೆಯ ವರ್ತಕರಿಗಾಗಲಿ, ಅಂಚೆಪಾಳ್ಯ ಕೈಗಾರಿಕಾ ಪ್ರದೇಶದ ಸಣ್ಣ ಉದ್ದಿಮೆದಾರರಿಗಾಗಲಿ ತಿಂಗಳ ಮೊದಲ ಇಪ್ಪತ್ತು ದಿನಗಳೆಂದರೆ ಗಡುವುಗಳ ಸಾಲು. ಮೂಲದಲ್ಲಿ ಕಡಿತಗೊಳಿಸಿದ ಆದಾಯ ತೆರಿಗೆಯನ್ನು ಸಾಮಾನ್ಯವಾಗಿ 7ನೇ ತಾರೀಖಿನೊಳಗೆ ಕಟ್ಟಬೇಕು. ಪ್ರತಿ ತಿಂಗಳೂ ಜಿ.ಎಸ್.ಟಿ. ವಿವರ ಸಲ್ಲಿಸುವವರು ಜಿ.ಎಸ್.ಟಿ.ಆರ್-1 ನಮೂನೆಯನ್ನು 11ರೊಳಗೆ, 3ಬಿ ನಮೂನೆಯನ್ನು 20ರೊಳಗೆ ಸಲ್ಲಿಸಬೇಕು. ಭವಿಷ್ಯ ನಿಧಿ ಮತ್ತು ಇ.ಎಸ್.ಐ. ವಂತಿಗೆಗಳಿಗೆ 15, ನೌಕರರ ವೃತ್ತಿ ತೆರಿಗೆಗೆ 20 ಕೊನೆಯ ದಿನ. 3ಬಿ ತಡವಾದರೆ ನಿಗದಿತ ಗರಿಷ್ಠ ಮಿತಿಯವರೆಗೆ ದಿನಕ್ಕೆ 50 ರೂ. ವಿಳಂಬ ಶುಲ್ಕವಿದೆ; ವ್ಯವಹಾರವೇ ನಡೆಯದ ಅವಧಿಗೂ ದಿನಕ್ಕೆ 20 ರೂ. ತಪ್ಪದು. ಬಾಕಿ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ ಬೇರೆ. ಕೈಯಲ್ಲಿ ಹಣವಿದ್ದೂ ಮರೆವಿನಿಂದ ತೆರುವ ದಂಡವಿದು.

ಕಿರ್ದಿಯೇ ಸಾಲದು

ಅನೇಕ ಅಂಗಡಿ, ಕಾರ್ಖಾನೆಗಳಲ್ಲಿ ಲೆಕ್ಕಪತ್ರಕ್ಕೆ ಬೆಂಗಳೂರಿನಲ್ಲಿಯೇ ರೂಪುಗೊಂಡ ಟ್ಯಾಲಿಯಂತಹ ತಂತ್ರಾಂಶವಿದೆ. ಆದರೆ ಕಿರ್ದಿ, ಖಾತೆಗಳ ಮುಖ್ಯ ಕೆಲಸ ಆಗಿಹೋದುದನ್ನು ದಾಖಲಿಸುವುದು. ಆಗಬೇಕಾದುದಕ್ಕೆ ಗೋಡೆಯ ಕ್ಯಾಲೆಂಡರ್, ಬಿಲ್ಲಿನ ಹಿಂಬದಿ ಅಥವಾ ಮಾಲೀಕರ ನೆನಪೇ ಆಧಾರವಾಗಿರುತ್ತದೆ. ಮಾಲೀಕರು ನಾಲ್ಕು ದಿನ ಊರಿನಲ್ಲಿಲ್ಲದಿದ್ದರೆ ಈ ಆಧಾರ ಕುಸಿಯುತ್ತದೆ.

ಬರಬೇಕಾದ ಹಣಕ್ಕೂ ಇದು ಅನ್ವಯಿಸುತ್ತದೆ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ, ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ತಯಾರಕರಿಂದ ಸರಕು ಪಡೆದವರು ಒಪ್ಪಿದ ಅವಧಿಯಲ್ಲಿ ಹಣ ಪಾವತಿಸಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ತಯಾರಕರಿಗಿದೆ. ಸರಕು ಕಳುಹಿಸಿದ ದಿನವೇ ಕೊನೆಯ ದಿನಾಂಕವನ್ನು ಬರೆದಿಟ್ಟವರು ಮಾತ್ರ ಸಕಾಲದಲ್ಲಿ ಪತ್ರ ಬರೆಯಬಲ್ಲರು.

ಆಯ್ಕೆಯ ಮಾನದಂಡಗಳು

ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ನಾಲ್ಕು ಪ್ರಶ್ನೆಗಳು ಸಾಕು. ಹಳೆಯ ಗಣಕಯಂತ್ರದಲ್ಲಿಯೂ ಕೂಡಲೇ ತೆರೆದುಕೊಳ್ಳುತ್ತದೆಯೇ? ಅಂತರಜಾಲವಿಲ್ಲದಿದ್ದರೂ ನಡೆಯುತ್ತದೆಯೇ? ಕನ್ನಡದಲ್ಲಿ ಬರೆಯಬಹುದೇ? ತಯಾರಕರು ನಾಳೆ ತಂತ್ರಾಂಶವನ್ನು ಹಿಂತೆಗೆದುಕೊಂಡರೂ ಪಟ್ಟಿ ಉಳಿಯುತ್ತದೆಯೇ?

ಕೊನೆಯ ಪ್ರಶ್ನೆ ಕೇವಲ ಊಹೆಯದಲ್ಲ. ಜನಪ್ರಿಯವಾಗಿದ್ದ ವುಂಡರ್‌ಲಿಸ್ಟ್ ಎಂಬ ಕಾರ್ಯಪಟ್ಟಿ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಕೊಂಡು, 2020ರ ಮೇ 6ರಂದು ಸ್ಥಗಿತಗೊಳಿಸಿತು. ಬಳಕೆದಾರರು ತಮ್ಮ ಪಟ್ಟಿಗಳನ್ನು ಬೇರೆಡೆಗೆ ಸಾಗಿಸಿಕೊಳ್ಳಬೇಕಾಯಿತು.

ನೋಟ್‌ಪ್ಯಾಡ್ ವಿಧಾನ

ನಾಲ್ಕೂ ಪ್ರಶ್ನೆಗಳಿಗೆ ಹೌದೆನ್ನುವ ಸಾಧನ ವಿಂಡೋಸ್ ಇರುವ ಪ್ರತಿಯೊಂದು ಗಣಕಯಂತ್ರದಲ್ಲಿ ಮೊದಲೇ ಇದೆ: ನೋಟ್‌ಪ್ಯಾಡ್. 2006ರಲ್ಲಿ ಅಮೆರಿಕದ ಜೀನಾ ಟ್ರಪಾನಿ ಅವರು ಪ್ರಚುರಪಡಿಸಿದ ‘ಟುಡು.ಟಿಎಕ್ಸ್‌ಟಿ’ ಎಂಬ ಪದ್ಧತಿ ಇಂತಹ ಸಾದಾ ಅಕ್ಷರಗಳ ಕಡತವನ್ನೇ ಆಧರಿಸಿದೆ. ಒಂದು ಕೆಲಸಕ್ಕೆ ಒಂದೇ ಸಾಲು. ತುರ್ತು ಕೆಲಸದ ಮುಂದೆ ಆವರಣದಲ್ಲಿ ಒಂದು ಅಕ್ಷರ. ಮುಗಿದುದರ ಮುಂದೆ ಎಕ್ಸ್ ಗುರುತು. ಇಷ್ಟೇ ಅದರ ತಿರುಳು.

ಸ್ಥಳೀಯ ಅಗತ್ಯಕ್ಕೆ ಇದನ್ನು ಹೀಗೆ ಹೊಂದಿಸಿಕೊಳ್ಳಬಹುದು. ಪ್ರತಿ ಸಾಲನ್ನೂ ವರ್ಷ, ತಿಂಗಳು, ದಿನ ಎಂಬ ಕ್ರಮದ ದಿನಾಂಕದಿಂದ ಆರಂಭಿಸಬೇಕು:

2026-08-11 ಜಿ.ಎಸ್.ಟಿ.ಆರ್-1
2026-08-15 ಭವಿಷ್ಯ ನಿಧಿ, ಇ.ಎಸ್.ಐ.
2026-08-17 ಖರೀದಿ ಬಿಲ್ಲುಗಳು ಲೆಕ್ಕಪರಿಶೋಧಕರಿಗೆ
2026-08-20 3ಬಿ ಸಲ್ಲಿಕೆ, ವೃತ್ತಿ ತೆರಿಗೆ

ಇದೇ ಪಟ್ಟಿಯನ್ನು ಎಕ್ಸೆಲ್‌ಗೆ ನಕಲಿಸಿ ಸಾರ್ಟ್ ಆಜ್ಞೆ ನೀಡಿದರೆ ಸಾಲುಗಳು ದಿನಾಂಕದಂತೆ ಜೋಡಣೆಗೊಳ್ಳುತ್ತವೆ. ಯಾವುದೇ ಗ್ರಾಹಕರ ಹೆಸರನ್ನು ಕಂಟ್ರೋಲ್ ಮತ್ತು ಎಫ್ ಕೀಲಿಗಳಿಂದ ಹುಡುಕಬಹುದು. ಎಫ್5 ಕೀಲಿ ಒತ್ತಿದರೆ ಅಂದಿನ ಸಮಯ, ದಿನಾಂಕ ನಮೂದಾಗುತ್ತವೆ. ಕೆಲಸ ಮುಗಿದ ಹೊತ್ತನ್ನು ಗುರುತಿಸಲು ಇದು ಅನುಕೂಲ.

ಈ ವಿಧಾನಕ್ಕೆ ಒಂದು ಕೊರತೆಯಿದೆ: ನೋಟ್‌ಪ್ಯಾಡ್ ತಾನಾಗಿ ಎಚ್ಚರಿಸದು. ಕಡತದ ಶಾರ್ಟ್‌ಕಟ್ಟನ್ನು ವಿಂಡೋಸ್‌ನ ಸ್ಟಾರ್ಟಪ್ ಕೋಶದಲ್ಲಿರಿಸಿದರೆ ಪ್ರತಿದಿನ ಗಣಕಯಂತ್ರ ಚಾಲನೆಗೊಂಡೊಡನೆ ಪಟ್ಟಿ ಕಣ್ಣೆದುರಿಗೆ ಬರುತ್ತದೆ. ಗಂಟೆ ಬಾರಿಸುವ ಜ್ಞಾಪನೆಯೇ ಬೇಕೆನ್ನುವವರಿಗೆ ಉಚಿತವಾಗಿ ದೊರೆಯುವ ಮೈಕ್ರೋಸಾಫ್ಟ್ ಟು ಡು ಅಥವಾ ಗೂಗಲ್ ಟಾಸ್ಕ್ಸ್ ಸೂಕ್ತ. ಇವುಗಳಲ್ಲಿ ಪ್ರತಿ ತಿಂಗಳೂ ಮರಳಿ ಬರುವ ಕೆಲಸವನ್ನು ಒಮ್ಮೆ ನಮೂದಿಸಿದರೆ ಸಾಕು. ಅದೇ ಪಟ್ಟಿ ಮೊಬೈಲಿನಲ್ಲಿಯೂ ಕಾಣುತ್ತದೆ. ಆದರೆ ಖಾತೆ ತೆರೆಯಬೇಕು, ಪಟ್ಟಿ ಸಂಸ್ಥೆಯ ಗಣಕಗಳಲ್ಲಿ ಉಳಿಯುತ್ತದೆ.

ಕನ್ನಡದಲ್ಲಿ ಬರೆಯುವಾಗ

ಗುಮಾಸ್ತರು, ಉಗ್ರಾಣದವರು ಸಹ ಓದಬೇಕಾದ ಪಟ್ಟಿ ಕನ್ನಡದಲ್ಲಿರುವುದೇ ಲೇಸು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬರೆದುದು ಆ ಶೈಲಿಯಿಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಆದ್ದರಿಂದ ಯುನಿಕೋಡ್ ಬಳಸಬೇಕು. ಹಳೆಯ ವಿಂಡೋಸ್‌ನಲ್ಲಿ ಕಡತ ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಆರಿಸದಿದ್ದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುವ ಅಪಾಯವಿದೆ. 2019ರ ಮೇ ಪರಿಷ್ಕರಣೆಯ ನಂತರದ ವಿಂಡೋಸ್ 10ರಲ್ಲಿ ಯುಟಿಎಫ್-8 ತಾನಾಗಿಯೇ ಆಯ್ಕೆಯಾಗಿರುತ್ತದೆ.

ಬಳಕೆಯ ಶಿಸ್ತು

ಎಷ್ಟೇ ಉತ್ತಮ ತಂತ್ರಾಂಶವಾದರೂ ಎರಡು ಕಡೆ ಪಟ್ಟಿಯಿದ್ದರೆ ಎರಡೂ ಅಪೂರ್ಣವಾಗುತ್ತವೆ, ಒಂದೇ ಪಟ್ಟಿಯಿರಲಿ. ಸಲ್ಲಿಕೆಯ ಕೊನೆಯ ದಿನದ ಜೊತೆಗೆ, ಸಿದ್ಧತೆ ಆರಂಭಿಸಬೇಕಾದ ದಿನವನ್ನೂ ಬರೆಯಬೇಕು. ಮೇಲಿನ ಮಾದರಿಯ 17ನೇ ತಾರೀಖಿನ ಸಾಲು ಇದಕ್ಕೆ ಉದಾಹರಣೆ. ವಾರಕ್ಕೊಮ್ಮೆ ಕಡತವನ್ನು ಪೆನ್ ಡ್ರೈವ್‌ಗೆ ನಕಲಿಸಬೇಕು. ಬ್ಯಾಂಕಿನ ಗುಪ್ತಪದಗಳನ್ನು ಇದರಲ್ಲಿ ಎಂದಿಗೂ ಬರೆಯಬಾರದು. ಬೆಳಿಗ್ಗೆ ಬಾಗಿಲು ತೆರೆದಾಗ ಐದು ನಿಮಿಷ, ಸಂಜೆ ಲೆಕ್ಕ ಮುಗಿಸುವಾಗ ಐದು ನಿಮಿಷ ಪಟ್ಟಿಯನ್ನು ನೋಡುವ ರೂಢಿಯಾದರೆ, ಗಡುವು ಮೀರಿದ ವಿಷಯ ತೆರಿಗೆ ಇಲಾಖೆಯ ನೋಟೀಸಿನಿಂದ ತಿಳಿಯುವ ಪ್ರಸಂಗ ಬಾರದು.