ಹಲವು ಲೇಸರು, ಒಂದೇ ಚುಕ್ಕೆ

ಲೇಸರ್ ಸಾಲು ಎಂದರೆ ಹಲವು ಲೇಸರ್ ಡಯೋಡುಗಳ ಕಿರಣಗಳನ್ನು ಕನ್ನಡಿ, ಮಸೂರಗಳ ನೆರವಿನಿಂದ ಒಂದೇ ಜಾಗಕ್ಕೆ ಬೀಳಿಸುವ ಏರ್ಪಾಡು. 1960ರಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದಾಗ ಅದು ಪ್ರಯೋಗಾಲಯದ ಸರಕು. ಹವ್ಯಾಸಿಗಳ ಮೇಜಿಗೆ ಅದರ ಕಸುವು ಇಳಿದದ್ದು ನೀಲಿ ಡಯೋಡಿನ ದೆಸೆಯಿಂದ. 2010ರ ಸುಮಾರಿಗೆ ಬಂದ ಕ್ಯಾಸಿಯೊ ಪ್ರೊಜೆಕ್ಟರುಗಳ ಹೊಟ್ಟೆಯಲ್ಲಿ 445 ನ್ಯಾನೊಮೀಟರ್ ತರಂಗಾಂತರದ 24 ಡಯೋಡುಗಳಿದ್ದವು. ಹವ್ಯಾಸಿಗಳು ಪ್ರೊಜೆಕ್ಟರನ್ನೇ ಬಿಚ್ಚಿ ಅವನ್ನು ಕಿತ್ತುಕೊಂಡರು. ಈಗ ಬೆರಳ ತುದಿಯಷ್ಟಿರುವ ಒಂದೇ ಡಯೋಡು ಸುಮಾರು 5 ವಾಟ್ ಬೆಳಕು ಕೊಡುತ್ತದೆ.

5 ವಾಟ್ ಕೇಳಲು ಏನೂ ಅಲ್ಲ. ಆದರೆ ಅಷ್ಟನ್ನೂ 0.1 ಮಿಲಿಮೀಟರ್ ಉದ್ದಗಲದ ಚುಕ್ಕೆಗೆ ಹಿಂಡಿದರೆ, ಆ ಚುಕ್ಕೆಯ ಮೇಲೆ ನಡುಮಧ್ಯಾಹ್ನದ ಬಿಸಿಲಿಗಿಂತ ಸುಮಾರು ಐದು ಲಕ್ಷ ಪಟ್ಟು ತೀವ್ರವಾದ ಬೆಳಕು ಬೀಳುತ್ತದೆ. ಒಂದೇ ಇಷ್ಟು ಮಾಡಿದರೆ ನಾಲ್ಕು ಸೇರಿಸಿದರೆ ನಾಲ್ಕರಷ್ಟು ಎಂಬುದು ಸಹಜವಾಗಿ ಹೊಳೆಯುವ ಲೆಕ್ಕ. ಎಡವುವುದೂ ಇಲ್ಲಿಯೇ. ಕಿರಣಗಳು ಸರಿಯಾಗಿ ಕೂಡದೆ ಚುಕ್ಕೆಯ ಉದ್ದಗಲ ಎರಡರಷ್ಟಾದರೆ ಅದರ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. 20 ವಾಟ್ ಸುರಿದರೂ ತೀವ್ರತೆ ಒಂದೇ ಡಯೋಡಿನಷ್ಟು. ಖರ್ಚು ಮಾತ್ರ ನಾಲ್ಕು ಪಟ್ಟು.

ಕಿರಣಗಳನ್ನು ಕೂಡಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಸಣ್ಣ ಕನ್ನಡಿಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಕಿರಣಗಳು ಒತ್ತೊತ್ತಾಗಿ ಸಮಾಂತರವಾಗಿ ಹರಿಯುವಂತೆ ಮಾಡಿ, ಕೊನೆಗೆ ಒಂದೇ ಮಸೂರದಿಂದ ಹಿಂಡುವುದು ಒಂದು. ಬೆಳಕಿನ ಧ್ರುವೀಕರಣವನ್ನು ಬಳಸುವುದು ಇನ್ನೊಂದು: ಒಂದು ಕಿರಣದ ಕಂಪನದ ದಿಕ್ಕನ್ನು 90 ಡಿಗ್ರಿ ತಿರುಗಿಸಿದರೆ, ವಿಶೇಷ ಗಾಜಿನ ಘನವೊಂದು ಎರಡನ್ನೂ ಒಂದರ ಮೇಲೊಂದು ಕೂರಿಸುತ್ತದೆ. ಈ ಯುಕ್ತಿ ಎರಡಕ್ಕೆ ಮುಗಿಯಿತು, ಮೂರನೆಯದಕ್ಕೆ ಜಾಗವಿಲ್ಲ. ಮಾರುಕಟ್ಟೆಯ 20 ವಾಟಿನ ಕೆತ್ತನೆ ಯಂತ್ರಗಳ ತಲೆಯಲ್ಲೂ ಸಾಮಾನ್ಯವಾಗಿ ಇಂಥ ನಾಲ್ಕು ಡಯೋಡುಗಳೇ ಇರುತ್ತವೆ.

ಬಿಸಿಯೇರಿದಷ್ಟೂ ಡಯೋಡು ಹೆಚ್ಚು ವಿದ್ಯುತ್ ಎಳೆಯಲು ನೋಡುತ್ತದೆ, ಹಾಗೆಯೇ ಸುಟ್ಟುಹೋಗುತ್ತದೆ. ಆದ್ದರಿಂದ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಡ್ರೈವರ್, ಅಲ್ಯೂಮಿನಿಯಂ ಹೀಟ್‌ಸಿಂಕ್, ಫ್ಯಾನ್ ಇವಿಲ್ಲದೆ ಆಗದು.

ಪ್ರಯೋಗಕ್ಕೆ ವಸ್ತುಗಳಿಗೇನೂ ಬರವಿಲ್ಲ. ಮೊಬೈಲ್ ರಿಪೇರಿಯವರು ಬಳಸುವ, ಜೇನಿನ ಬಣ್ಣದ ಪಾಲಿಇಮೈಡ್ ಟೇಪಿನ ಮೇಲೆ ಹದವಾದ ವೇಗದಲ್ಲಿ ಚುಕ್ಕೆ ಹರಿಸಿದರೆ, ಅದು ಹೋದ ದಾರಿಯುದ್ದಕ್ಕೂ ಟೇಪು ಕಪ್ಪಾಗಿ, ಮಖಮಲ್ಲಿನಂತೆ ಉಬ್ಬುತ್ತದೆ. ಆ ಕಪ್ಪು ಗೀಟಿನ ಎರಡು ತುದಿಗೆ ಮಲ್ಟಿಮೀಟರಿನ ಕಡ್ಡಿ ಇಟ್ಟರೆ ಮುಳ್ಳು ಅಲ್ಲಾಡುತ್ತದೆ: ವಿದ್ಯುತ್ ಹರಿಯದ ಪ್ಲಾಸ್ಟಿಕ್ ವಿದ್ಯುತ್ ಹರಿಯುವ ಇಂಗಾಲವಾಗಿದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ಅವರ ತಂಡ 2014ರಲ್ಲಿ ಇನ್ನೊಂದು ಬಗೆಯ ಲೇಸರಿನಿಂದ ಹೀಗೆ ಗ್ರಾಫೀನ್ ಪಡೆದದ್ದನ್ನು ಪ್ರಕಟಿಸಿತು. 2018ರಲ್ಲಿ ಅದೇ ತಂಡ ಬ್ರೆಡ್ಡು, ಆಲೂಗಡ್ಡೆ, ತೆಂಗಿನಕಾಯಿಯ ಮೇಲೂ ಗ್ರಾಫೀನ್ ಬರೆದು ತೋರಿಸಿತು. ಸ್ಟೇನ್‌ಲೆಸ್ ಸ್ಟೀಲನ್ನು ಕಾಯಿಸಿದರೆ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿ, ಅದರ ದಪ್ಪಕ್ಕೆ ತಕ್ಕಂತೆ ಬಂಗಾರದಿಂದ ನೀಲಿಯವರೆಗೆ ಬಣ್ಣಗಳೇಳುತ್ತವೆ. ಪಾರದರ್ಶಕ ಅಕ್ರಿಲಿಕ್ ಮಾತ್ರ ಮಣಿಯದು. ನೀಲಿ ಬೆಳಕು ಅದರ ಮೂಲಕ ಸುಮ್ಮನೆ ದಾಟಿಹೋಗುತ್ತದೆ. ರೆಕ್ಸಿನ್ ಮುಂತಾದ ಪಿವಿಸಿ ವಸ್ತುಗಳನ್ನು ಮುಟ್ಟಲೇಬಾರದು. ಅವು ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನೂ ಯಂತ್ರವನ್ನೂ ಒಟ್ಟಿಗೇ ತಿನ್ನುತ್ತದೆ.

ಅರ್ಧ ವಾಟ್ ದಾಟಿದ ಲೇಸರು ಅಪಾಯದ ಕೊನೆಯ ವರ್ಗವಾದ ನಾಲ್ಕನೆಯದಕ್ಕೆ ಸೇರುತ್ತದೆ. ರೆಪ್ಪೆ ಮುಚ್ಚಲು ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಅಕ್ಷಿಪಟಲ ಸುಟ್ಟಿರುತ್ತದೆ, ನೋವೂ ಗೊತ್ತಾಗದಿರಬಹುದು. ಹೊಳೆಯುವ ಲೋಹದಿಂದ ಸಿಡಿದು ಬಂದ ಕಿರಣವೂ ಸಾಕು. ಸಾಲಿನಲ್ಲಿ ಕನ್ನಡಿಗಳು ಹೆಚ್ಚಿದಷ್ಟೂ ದಾರಿ ತಪ್ಪುವ ಕಿರಣಗಳು ಹೆಚ್ಚು. ಇಡೀ ಸಾಲನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟು, ಮುಚ್ಚಳ ತೆರೆದೊಡನೆ ಕರೆಂಟು ಕಡಿಯುವ ಸ್ವಿಚ್ ಹಾಕುವುದು, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವುದು ಮೊದಲ ಕೆಲಸ. ಡಯೋಡು ಕೊಳ್ಳುವುದು ಆಮೇಲಿನದು. ಕಣ್ಣು ಕಾಯುವ ಲೇಸರ್ ಕನ್ನಡಕ ಕೊಳ್ಳುವಾಗ ಅದು ತಡೆಯುವ ತರಂಗಾಂತರ ಮತ್ತು ಎಷ್ಟು ತಡೆಯುತ್ತದೆ ಎಂದು ಹೇಳುವ ಓಡಿ (OD) ಸಂಖ್ಯೆ ಎರಡನ್ನೂ ಓದಿ ನೋಡಬೇಕು. ಓಡಿ 4 ಎಂದರೆ ಬೆಳಕಿನ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುವುದು. ಇವೆರಡೂ ಅಚ್ಚಾಗಿರದ ಬಣ್ಣದ ಗಾಜನ್ನು ನಂಬಿ ಸ್ವಿಚ್ ಒತ್ತಬೇಡಿ.