ಮರುಜೋಡಿಸಿದ ಎಂಜಿನ್ನು ಮತ್ತು ರೇಡಿಯೇಟರಿನ ಒತ್ತಡ

ಶಿಂಷಾ ನದಿಯ ಮಗ್ಗುಲಿನ ಮದ್ದೂರಿಗೆ ಹೊಂದಿಕೊಂಡಿರುವ ಶಿವಪುರವು ೧೯೩೮ರ ಧ್ವಜ ಸತ್ಯಾಗ್ರಹದಿಂದಾಗಿ ನಾಡಿನ ಚರಿತ್ರೆಯಲ್ಲಿ ಹೆಸರಾದ ಸ್ಥಳ. ಅಲ್ಲಿಯ ಸತ್ಯಾಗ್ರಹ ಸೌಧವನ್ನು ಬಲ್ಲವರು ಬೆಂಗಳೂರು-ಮೈಸೂರು ಹಳೆಯ ರಸ್ತೆಯನ್ನೂ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಆ ರಸ್ತೆಯ ಮರದ ನೆರಳಿನಲ್ಲಿ ಬಾನೆಟ್ಟನ್ನು ಎತ್ತಿಕೊಂಡು ಹಬೆಯಾಡುತ್ತ ನಿಂತಿರುತ್ತಿದ್ದ ಕಾರುಗಳನ್ನೂ ಬಲ್ಲರು. ೨೦೨೩ರಲ್ಲಿ ಉದ್ಘಾಟನೆಗೊಂಡ ದಶಪಥ ಹೆದ್ದಾರಿಯು ಮದ್ದೂರನ್ನು ಬಳಸಿಕೊಂಡು ಹೋಗುತ್ತದೆ. ಅಂಬಾಸಿಡರ್ ಕಾರಿನ ತಯಾರಿಕೆಯು ೨೦೧೪ರಲ್ಲಿಯೇ ನಿಂತುಹೋಯಿತು. ಆದರೂ ತಂದೆಯ ಕಾಲದ ವಾಹನವನ್ನು ಅಭಿಮಾನದಿಂದ ಉಳಿಸಿಕೊಂಡು, ಅದರ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿಸಿ ಮತ್ತೆ ಕಟ್ಟಿಸುವವರು ಈಗಲೂ ಇದ್ದಾರೆ. ಶಾಲೆಯಿಂದ ಹೊರಬಿದ್ದು ಗ್ಯಾರೇಜಿನ ಕಾಯಕವನ್ನು ಹಿಡಿದ ವಿದ್ಯಾರ್ಥಿಗಳೂ ಎಲ್ಲೆಡೆ ಇದ್ದಾರೆ. ಹೀಗೆ ಹಣ ವೆಚ್ಚ ಮಾಡಿ ಕಟ್ಟಿಸಿದ ಎಂಜಿನ್ನು ಮೊದಲ ವಾರದಲ್ಲಿಯೇ ರೇಡಿಯೇಟರಿನ ನೀರನ್ನು ಹೊರಕ್ಕೆ ಉಗುಳಲಾರಂಭಿಸಿದರೆ ಏನೆಂದು ತಿಳಿಯಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ. ಊಹೆಯ ಮೇಲೆ ಹೆಡ್ಡನ್ನು ಮತ್ತೊಮ್ಮೆ ಬಿಚ್ಚುವುದೆಂದರೆ ಮಾಲೀಕನ ಹಣಕ್ಕೂ ಕೆಲಸಗಾರನ ಹೆಸರಿಗೂ ಒಟ್ಟಿಗೇ ಪೆಟ್ಟು.

ಒತ್ತಡವೆಂಬುದು ತಾನಾಗಿಯೇ ದೋಷವಲ್ಲವೆಂಬುದನ್ನು ಮೊದಲು ಮನಗಾಣಬೇಕು. ಮದ್ದೂರು ಸಮುದ್ರಮಟ್ಟದಿಂದ ಸುಮಾರು ೬೬೦ ಮೀಟರು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿಟ್ಟ ನೀರು ನೂರು ಡಿಗ್ರಿ ಸೆಲ್ಸಿಯಸ್ಸಿಗೆ ಮೊದಲೇ, ಸುಮಾರು ೯೮ ಡಿಗ್ರಿಯಲ್ಲಿ ಕುದಿಯುತ್ತದೆ. ಎಂಜಿನ್ನಿನ ನೀರು ಸಾಮಾನ್ಯವಾಗಿ ೮೦ರಿಂದ ೯೦ ಡಿಗ್ರಿಯಲ್ಲಿ ಓಡಾಡುವುದರಿಂದ ಕುದಿಯುವುದಕ್ಕೂ ಅದಕ್ಕೂ ನಡುವಣ ಅಂತರ ಬಹಳ ಕಡಿಮೆ. ಈ ಅಂತರವನ್ನು ಹೆಚ್ಚಿಸುವ ಸಲುವಾಗಿಯೇ ರೇಡಿಯೇಟರಿಗೆ ಒತ್ತಡದ ಮುಚ್ಚಳವನ್ನು ಹಾಕುವುದು. ಅರ್ಧ ವಾಯುಭಾರದಷ್ಟು ಒತ್ತಡವನ್ನು ತಡೆದಿಡುವ ಮುಚ್ಚಳವಿದ್ದರೆ ಕುದಿಯುವ ಬಿಂದು ಸುಮಾರು ೧೧೦ ಡಿಗ್ರಿಗೆ ಏರುತ್ತದೆ. ಒಂದು ವಾಯುಭಾರವನ್ನು ತಡೆಯುವುದಾದರೆ ೧೨೦ರ ಹತ್ತಿರಕ್ಕೆ ಹೋಗುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನ ತತ್ತ್ವವೂ ಇದೇ. ೧೬೭೯ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ತೋರಿಸಿದ ಮೂಳೆ ಬೇಯಿಸುವ ಪಾತ್ರೆಯ ಸಂತತಿಗೆ ಇವೆರಡೂ ಸೇರಿದವು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದೆಂಬ ಎಚ್ಚರಿಕೆಗೂ ಇದೇ ಕಾರಣ. ೧೦೫ ಡಿಗ್ರಿಯಲ್ಲಿ ಶಾಂತವಾಗಿದ್ದ ನೀರು ಒತ್ತಡ ತಪ್ಪಿದ ಕ್ಷಣದಲ್ಲಿ ಹಬೆಯಾಗಿ ಸಿಡಿದು, ಬಗ್ಗಿ ನಿಂತವನ ಮುಖವನ್ನೇ ಸುಡುತ್ತದೆ. ಮೇಲಿನ ತೊಟ್ಟಿಯ ಮೇಲೆ ಅಂಗೈಯನ್ನು ನಿಶ್ಚಿಂತೆಯಿಂದ ಇಡಬಹುದಾದಷ್ಟು ತಣಿದ ಮೇಲೆಯೇ ಮುಚ್ಚಳಕ್ಕೆ ಕೈಹಾಕಬೇಕು.

ಇನ್ನು, ಹೊಸದಾಗಿ ಕಟ್ಟಿದ ಎಂಜಿನ್ನು ಸ್ವಲ್ಪ ನೀರು ಚೆಲ್ಲಿದೊಡನೆಯೇ ಗಾಬರಿಪಡುವುದು ಬೇಡ. ಎಂಟು ಲೀಟರು ನೀರು ಮುಂಜಾನೆಯ ತಂಪಿನಿಂದ ೯೦ ಡಿಗ್ರಿಗೆ ಏರಿದಾಗ ಕಾಲು ಲೀಟರಿಗೂ ಮಿಗಿಲಾಗಿ ಹಿಗ್ಗುತ್ತದೆ. ಕಂಠಮಟ್ಟ ತುಂಬಿಸಿದ್ದರೆ ಅಷ್ಟು ನೀರು ಹೊರಗೆ ಹೋಗಲೇಬೇಕು. ಮಾರನೆಯ ದಿನ ಮಟ್ಟವು ಅಲ್ಲಿಗೇ ನಿಂತಿದ್ದರೆ ವ್ಯವಸ್ಥೆಯು ತನ್ನ ಮಟ್ಟವನ್ನು ತಾನೇ ಕಂಡುಕೊಂಡಿತೆಂದು ಅರ್ಥ. ಮತ್ತೊಂದು ನಿರುಪದ್ರವಿಯಾದ ಕಾರಣ, ಒಳಗೆ ಸಿಕ್ಕಿಬಿದ್ದ ಗಾಳಿ. ಬ್ಲಾಕು ಪೂರ್ತಿ ಬರಿದಾಗಿದ್ದುದರಿಂದ ಹೆಡ್ಡಿನ ಮೂಲೆಗಳಲ್ಲಿಯೂ ಥರ್ಮೋಸ್ಟಾಟಿನ ಹಿಂದೆಯೂ ಗಾಳಿಯು ಉಳಿದುಕೊಳ್ಳುತ್ತದೆ. ಕಾರಿನ ಮೂತಿಯು ತುಸು ಮೇಲಕ್ಕಿರುವಂತೆ ಏರಿನಲ್ಲಿ ನಿಲ್ಲಿಸಿ, ಹೀಟರಿದ್ದರೆ ಅದರ ನಲ್ಲಿಯನ್ನು ತೆರೆದು, ತಣ್ಣಗಿರುವಾಗಲೇ ಮುಚ್ಚಳವನ್ನು ತೆಗೆದಿಟ್ಟು ಎಂಜಿನ್ನನ್ನು ನಿಧಾನವಾಗಿ ಓಡಿಸಿದರೆ ಆ ಗಾಳಿಯು ಗುಳ್ಳೆಗಳಾಗಿ ಹೊರಬೀಳುತ್ತದೆ. ಥರ್ಮೋಸ್ಟಾಟು ತೆರೆದು ಮಟ್ಟ ಕುಸಿದಾಗ ನೀರನ್ನು ಸೇರಿಸಬೇಕು. ಕೆಲವು ನಿಮಿಷಗಳಲ್ಲಿ ಗುಳ್ಳೆಗಳು ನಿಂತರೆ ಚಿಂತೆಯಿಲ್ಲ.

ಗುಳ್ಳೆಗಳು ನಿಲ್ಲದಿದ್ದರೆ, ಆಕ್ಸಿಲರೇಟರನ್ನು ಒತ್ತಿದಷ್ಟೂ ಹೆಚ್ಚುತ್ತಿದ್ದರೆ, ಆಗ ವಿಷಯ ಬೇರೆ. ಸಿಲಿಂಡರಿನಲ್ಲಿ ಇಂಧನ ಉರಿಯುವಾಗಿನ ಒತ್ತಡವು ರೇಡಿಯೇಟರಿನ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಹೆಡ್ ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆಯಷ್ಟು ದಾರಿ ದೊರೆತರೂ ಉರಿದ ಅನಿಲವು ನೀರಿನೊಳಕ್ಕೆ ನುಗ್ಗುತ್ತದೆ. ಎಂಜಿನ್ನು ನಿಂತ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಒತ್ತಡವಿರುವುದು ನೀರಿನ ಕಡೆಗೆ, ಖಾಲಿಯಿರುವುದು ಸಿಲಿಂಡರು. ಅದೇ ಬಿರುಕಿನ ಮೂಲಕ ರಾತ್ರಿಯೆಲ್ಲ ನೀರು ಸಿಲಿಂಡರಿಗೆ ಜಿನುಗುತ್ತದೆ. ಬೆಳಗ್ಗೆ ಎಂಜಿನ್ನು ಒಂದು ಸಿಲಿಂಡರು ತಪ್ಪಿದಂತೆ ಮುಗ್ಗರಿಸುತ್ತ, ಬಿಳಿಯ ಹೊಗೆಯನ್ನು ಕಾರುತ್ತ ಎದ್ದು, ಅರೆ ನಿಮಿಷದಲ್ಲಿ ಸರಿಯಾಗುವುದು ಈ ಕಾರಣದಿಂದ. ಆ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಉಳಿದವುಗಳಿಗಿಂತ ತೊಳೆದಿಟ್ಟಂತೆ ಶುಭ್ರವಾಗಿರುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಮೊದಲು ಬೇಕಾದುದು ಉಪಕರಣವಲ್ಲ, ತಾಳ್ಮೆ. ರಾತ್ರಿಯಿಡೀ ತಣಿದ ಎಂಜಿನ್ನಿನ ಮುಚ್ಚಳವನ್ನು ಬೆಳಗ್ಗೆ ತೆರೆದಾಗ ಬುಸ್ಸೆಂಬ ಸದ್ದಿನೊಂದಿಗೆ ಗಾಳಿಯು ಹೊರಬಿದ್ದರೆ ಅದು ಹಬೆಯಾಗಿರಲಾರದು. ಹಬೆಯು ತಣಿದು ನೀರಾಗುತ್ತದೆ, ಹಿಗ್ಗಿದ ನೀರು ಕುಗ್ಗುತ್ತದೆ. ತಣಿದರೂ ಒತ್ತಡವನ್ನು ಬಿಡದೆ ಉಳಿಯುವುದು ಅನಿಲ ಮಾತ್ರ. ಅನಂತರ ಮುಚ್ಚಳವನ್ನು ಹಾಕಿ, ಎಂಜಿನ್ನನ್ನು ಚಾಲೂ ಮಾಡಿ, ಮೇಲಿನ ರಬ್ಬರು ಕೊಳವೆಯನ್ನು ಹಿಡಿದು ನೋಡಬೇಕು. ನೀರು ಇನ್ನೂ ಬೆಚ್ಚಗಾಗದ ಒಂದೆರಡು ನಿಮಿಷಗಳಲ್ಲಿಯೇ ಕೊಳವೆಯು ಕಲ್ಲಿನಂತೆ ಬಿಗಿಯಾದರೆ ಸಂದೇಹಕ್ಕೆ ಎಡೆಯಿಲ್ಲ. ಕೊಳವೆಯು ಬಿಸಿಯಾದಂತೆ ಮೆಲ್ಲಮೆಲ್ಲನೆ ಬಿಗಿಯಾದರೆ ಅದು ಸಹಜ. ತಣಿದ ಮೇಲೆ ಕೊಳವೆಯು ಒಳಕ್ಕೆ ಚಪ್ಪಟೆಯಾಗಿದ್ದರೆ ದೋಷವು ಗ್ಯಾಸ್ಕೆಟ್ಟಿನದಲ್ಲ, ಮುಚ್ಚಳದ ನಡುವಿನ ಚಿಕ್ಕ ಕವಾಟದ್ದು. ತಣಿಯುವಾಗ ಅದು ತೆರೆದುಕೊಂಡು ನೀರನ್ನೋ ಗಾಳಿಯನ್ನೋ ಹಿಂದಕ್ಕೆ ಬಿಡಬೇಕು. ಅಲ್ಪ ಬೆಲೆಯ ಮುಚ್ಚಳದ ತಪ್ಪಿಗೆ ಹೆಡ್ಡನ್ನು ಬಿಚ್ಚಿದ ಉದಾಹರಣೆಗಳು ಗ್ಯಾರೇಜುಗಳಲ್ಲಿ ವಿರಳವೇನೂ ಅಲ್ಲ.

ವಿಜ್ಞಾನದ ಅಧ್ಯಾಪಕರಿಗೆ ರುಚಿಸುವ ಪರೀಕ್ಷೆಯೊಂದಿದೆ. ರೇಡಿಯೇಟರಿನ ಕಂಠದ ಗಾಳಿಯನ್ನು ಒಂದು ನೀಲಿ ದ್ರಾವಣದ ಮೂಲಕ ಹೀರುವ ಚಿಕ್ಕ ಗಾಜಿನ ಕೊಳವೆಯು ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಇಂಗಾಲದ ಡೈಆಕ್ಸೈಡು ಇದ್ದರೆ ನೀಲಿಯು ಹಳದಿಗೆ ತಿರುಗುತ್ತದೆ. ತರಗತಿಯಲ್ಲಿ ಮಕ್ಕಳಿಂದ ಸುಣ್ಣದ ತಿಳಿಗೆ ಉಸಿರೂದಿಸಿ ಅದು ಹಾಲಿನಂತಾಗುವುದನ್ನು ತೋರಿಸುತ್ತೇವಲ್ಲವೆ, ತತ್ತ್ವವು ಅದಕ್ಕಿಂತ ಭಿನ್ನವಲ್ಲ. ರೇಡಿಯೇಟರಿನ ನೀರು ಕೊಳವೆಯೊಳಕ್ಕೆ ಬಾರದಂತೆ ಮಟ್ಟವನ್ನು ಕೊಂಚ ಇಳಿಸಿಕೊಂಡರೆ ಸಾಕು. ಇದಲ್ಲದೆ ಕೈಪಂಪಿನಿಂದ ತಣ್ಣನೆಯ ರೇಡಿಯೇಟರಿಗೆ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡವನ್ನು ಕೊಟ್ಟು ಮುಳ್ಳನ್ನು ಗಮನಿಸುವ ಕ್ರಮವೂ ಇದೆ. ಹತ್ತು ನಿಮಿಷ ಕಳೆದರೂ ಮುಳ್ಳು ಕದಲದಿರಬೇಕು. ಕದಲಿತು, ಹೊರಗೆಲ್ಲಿಯೂ ಹನಿ ಕಾಣದು ಎಂದಾದರೆ ನೀರು ಒಳಗೆ ಹೋಗುತ್ತಿದೆ. ಎಣ್ಣೆಯ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಎಲ್ಲಿಗೆಂಬುದೂ ತಿಳಿಯಿತು. ಕಂಪ್ರೆಷನ್ ಗೇಜನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ಟು ಸುಟ್ಟಿದ್ದರೆ ಅದು ತಟ್ಟನೆ ತೋರಿಸುತ್ತದೆ. ನೀರಿನ ಕಡೆಗಿರುವ ಸೂಕ್ಷ್ಮ ಬಿರುಕನ್ನು ಅನೇಕ ವೇಳೆ ಮರೆಸಿಬಿಡುತ್ತದೆ.

ದೋಷವು ಗ್ಯಾಸ್ಕೆಟ್ಟಿನಲ್ಲಿ ಎಂದು ಸಿದ್ಧವಾದ ಮೇಲೂ ಹೊಸ ಗ್ಯಾಸ್ಕೆಟ್ಟನ್ನು ಹಾಕಿ ಮುಚ್ಚಿಬಿಡುವುದು ಜಾಣತನವಲ್ಲ. ಹೊಸದಾಗಿ ಹಾಕಿದ ಗ್ಯಾಸ್ಕೆಟ್ಟು ಒಂದು ವಾರದಲ್ಲಿ ಏಕೆ ಸೋತಿತು ಎಂಬ ಪ್ರಶ್ನೆಗೆ ಉತ್ತರವು ಗ್ಯಾಸ್ಕೆಟ್ಟಿನಲ್ಲಿರುವುದಕ್ಕಿಂತ ಅದರ ಮೇಲೆ ಕೆಳಗೆ ಇರುವ ಲೋಹದಲ್ಲಿರುವುದೇ ಹೆಚ್ಚು. ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ ಫೀಲರ್ ಗೇಜು ತೂರುವುದೋ ಎಂದು ನೋಡಬೇಕು. ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ತೂರಿದರೆ ಹೆಡ್ಡನ್ನು ಮಟ್ಟಸ ಮಾಡಿಸುವುದು ಲೇಸು. ಬ್ಲಾಕಿಗೂ ಇದೇ ಪರೀಕ್ಷೆಯಾಗಬೇಕು. ಅದನ್ನು ಮರೆಯುವವರೇ ಬಹಳ ಮಂದಿ. ಬೀಡುಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ಡು ಇರುವ ಕಾರುಗಳಲ್ಲಿ ಹೆಡ್ಡು ಬ್ಲಾಕಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಒಮ್ಮೆ ಅತಿಯಾಗಿ ಕಾದ ಹೆಡ್ಡು ಸೊಟ್ಟಗಾಗದೆ ಉಳಿಯುವುದು ಅಪರೂಪ. ಬೋಲ್ಟಿನ ಕುರುಡು ರಂಧ್ರಗಳಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟು ದ್ರವವನ್ನು ಒತ್ತಿಕೊಂಡು ನಿಲ್ಲುತ್ತದೆ. ಟಾರ್ಕ್ ಪಾನೆಯು ಬಿಗಿಯಾಯಿತೆಂದು ಹೇಳುತ್ತದೆ, ಹೆಡ್ಡಿನ ಮೇಲೆ ಹಿಡಿತ ಬಿದ್ದಿರುವುದೇ ಇಲ್ಲ. ಕೆಲವು ಬ್ಲಾಕುಗಳು ಸೀಳಿರುವುದೂ ಹೀಗೆಯೇ.

ಬಿಗಿಯುವಾಗ ನಡುವಿನಿಂದ ಆರಂಭಿಸಿ ಎರಡು ತುದಿಗಳತ್ತ, ಎರಡು ಮೂರು ಹಂತಗಳಲ್ಲಿ ಸಾಗಬೇಕು. ಅಂಬಾಸಿಡರಿನಂತಹ ಹಳೆಯ ಎಂಜಿನ್ನುಗಳಲ್ಲಿ ಕೆಲವು ನೂರು ಕಿಲೋಮೀಟರು ಓಡಿದ ಬಳಿಕ ಮತ್ತೊಮ್ಮೆ ಬಿಗಿದು ವಾಲ್ವಿನ ಸಂದನ್ನು ಹೊಂದಿಸುವ ಪದ್ಧತಿಯಿದೆ. ಈಚಿನ ಅನೇಕ ಕಾರುಗಳ ಬೋಲ್ಟುಗಳು ಬಿಗಿಯುವಾಗಲೇ ಹಿಗ್ಗುವಂತೆ ಮಾಡಿದವು. ಅವುಗಳನ್ನು ಎರಡನೆಯ ಬಾರಿ ಬಳಸಬಾರದು, ಮತ್ತೆ ಬಿಗಿಯಲೂ ಬಾರದು.

ಕಡೆಯದಾಗಿ ನೀರಿನ ಮಾತು. ಕೊಳವೆಬಾವಿಯ ಗಡಸು ನೀರು ಕಾದಾಗ ಬಚ್ಚಲ ಹಂಡೆಯಲ್ಲಿ ಕಟ್ಟುವ ಬಿಳಿಯ ಪದರವನ್ನೇ ಬ್ಲಾಕಿನ ಒಳಗೋಡೆಯ ಮೇಲೂ ಕಟ್ಟುತ್ತದೆ. ಕಟ್ಟುವಾಗ ಸಡಿಲಗೊಂಡ ಹಳೆಯ ಪದರದ ಚೂರುಗಳು ಹೊಸ ನೀರಿನೊಂದಿಗೆ ಸಾಗಿ ರೇಡಿಯೇಟರಿನ ಸಣ್ಣ ನಳಿಗೆಗಳನ್ನು ಮುಚ್ಚುವುದೂ ಉಂಟು. ಆದುದರಿಂದ ಎಂಜಿನ್ನಿನ ಜೊತೆಯಲ್ಲಿಯೇ ರೇಡಿಯೇಟರನ್ನೂ ಹಿಮ್ಮುಖವಾಗಿ ತೊಳೆಸಿ, ಬಟ್ಟಿಯಿಳಿಸಿದ ನೀರಿಗೆ ಸಮಪಾಲು ಕೂಲೆಂಟನ್ನು ಬೆರೆಸಿ ತುಂಬಿಸುವುದು ಉತ್ತಮ. ಕೂಲೆಂಟು ಕುದಿಯುವ ಬಿಂದುವನ್ನು ಇನ್ನೂ ಏಳೆಂಟು ಡಿಗ್ರಿ ಮೇಲೇರಿಸುತ್ತದೆ. ಅದು ಸಿಹಿರುಚಿಯ ವಿಷವಾದ ಕಾರಣ, ಹೊರಚೆಲ್ಲಿದ್ದನ್ನು ದನಕರು ನಾಯಿಗಳು ನೆಕ್ಕದಂತೆ ಕೂಡಲೇ ತೊಳೆದುಬಿಡಬೇಕು.